ಬೈಕ್ ಟ್ಯೂನಿಂಗ್‌ಗೆ ಆಕ್ಸಿಜನ್ ಸೆನ್ಸರ್

ಎಂಜಿನ್‌ನಿಂದ ಹೊರಬರುವ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು, ಗಾಳಿ ಮತ್ತು ಇಂಧನದ ಮಿಶ್ರಣ ಸರಿಯಿದೆಯೇ ಎಂದು ತಿಳಿಸುವ ಸಾಧನವೇ ಆಕ್ಸಿಜನ್ ಸೆನ್ಸರ್. ಬಾಷ್ ಸಂಸ್ಥೆಯ ಈ ಸಾಧನ 1976ರಲ್ಲಿ ಮೊದಲಿಗೆ ವೋಲ್ವೊ ಕಾರುಗಳಲ್ಲಿ ಬಳಕೆಗೆ ಬಂತು. ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಯಾದ ಬಳಿಕ ಬೈಕ್‌ಗಳಲ್ಲಿಯೂ ಸಾಮಾನ್ಯವಾಯಿತು. ಹಳೆಯ ಕಾರ್ಬುರೇಟರ್ ಬೈಕ್‌ಗಳಿಗೆ ಇದನ್ನು ಪ್ರತ್ಯೇಕವಾಗಿ ಅಳವಡಿಸಬೇಕು.

ಏಕೆ ಬೇಕು?: ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಸುಮಾರು 13.5 ಗ್ರಾಂ ಸಾಕು. ಹೀಗಾಗಿ ಹಳೆಯ ಜೆಟ್‌ನಲ್ಲಿಯೇ ಓಡುವ ಬೈಕ್‌ಗೆ ಇಂಧನದ ಕೊರತೆಯಾಗಿ ಎಂಜಿನ್ ಅತಿಯಾಗಿ ಕಾಯಬಹುದು. ಸಾಮಾನ್ಯ ಸೆನ್ಸರ್ ಕೊರತೆಯೋ ಹೆಚ್ಚಳವೋ ಎಂಬುದನ್ನಷ್ಟೇ ಸೂಚಿಸುತ್ತದೆ. ನಿಖರ ಪ್ರಮಾಣ ಅರಿಯಲು ವೈಡ್‌ಬ್ಯಾಂಡ್ ಸೆನ್ಸರ್ ಅಗತ್ಯ.

ಅಳವಡಿಕೆ: ಎಂಜಿನ್ ಸಮೀಪದ ಬೆಂಡ್ ಪೈಪ್‌ಗೆ ರಂಧ್ರ ಕೊರೆದು, 18 ಮಿ.ಮೀ. ಥ್ರೆಡ್‌ನ ನಟ್ ವೆಲ್ಡ್ ಮಾಡಿ ಸೆನ್ಸರ್ ಕೂರಿಸಲಾಗುತ್ತದೆ. ಅದರ ತುದಿ ಅಡ್ಡಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಕೆಳಮುಖವಾಗಿರಬೇಕು. ಇಲ್ಲವಾದರೆ ನೀರಿನ ಹನಿ ನಿಂತು ಒಳಗಿನ ಸೆರಾಮಿಕ್ ಬಿರುಕು ಬಿಡುವ ಅಪಾಯವಿದೆ.

ಎಚ್ಚರಿಕೆ: ಪೈಪ್‌ನಲ್ಲಿ ಸೋರಿಕೆಯಿದ್ದರೆ ಅಥವಾ ಸೆನ್ಸರ್ ಸೈಲೆನ್ಸರ್ ತುದಿಯ ಬಳಿಯಿದ್ದರೆ ಹೊರಗಿನ ಗಾಳಿ ಸೇರಿ, ಇಂಧನ ಕಡಿಮೆಯಿದೆ ಎಂಬ ತಪ್ಪು ಅಳತೆ ಬರುತ್ತದೆ. ಅದನ್ನು ನಂಬಿ ಜೆಟ್ ದೊಡ್ಡದು ಮಾಡಿದರೆ ಮೈಲೇಜ್ ಕುಸಿದು, ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಆದ್ದರಿಂದ ಮೊದಲು ಸೋರಿಕೆ ಪರೀಕ್ಷಿಸಿ, ಬಳಿಕವೇ ಟ್ಯೂನಿಂಗ್‌ಗೆ ಮುಂದಾಗುವುದು ಒಳಿತು.