1856ರ ಆ ಹುಡುಗ ಮತ್ತು ನಮ್ಮ ಸಂಜೆ ಸಾಲಿ

ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಚರ್ಚಿನ ಹಿಂದೆ ತಗಡಿನ ಶೆಡ್ ಒಂದಿದೆ. ಸಂಜೆ 5.30ಕ್ಕೆ ಅದರ ಬೀಗ ತೆಗೆಯುತ್ತಾರೆ. ಸರಕಾರಿ ಸಾಲಿ ಬಿಟ್ಟ ಮೇಲೆ ಮನೆಗೆ ಹೋಗಿ, ಎಮ್ಮೆಗೆ ನೀರು ಕುಡಿಸಿ, ಕೆಲವರು ಪುಟ್ಟ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಇಲ್ಲಿಗೆ ಬರುತ್ತಾರೆ. ಎಲ್ಲ 6ರಿಂದ 8ನೇ ಇಯತ್ತೆಯ ಮಕ್ಕಳು. ಒತ್ತಕ್ಷರ, ಭಾಗಾಕಾರ, ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿತು 7.30ಕ್ಕೆ ಮನೆಗೆ. ಫೀ ಇಲ್ಲ. ಊರಲ್ಲಿ ಇದಕ್ಕೆ ‘ಫಾದರ್ ಟ್ಯೂಷನ್’ ಅಂತಾರೆ. ನಾವು ಮೂವರು ಗೆಳೆಯರು ಪೇಪರಿಗೆ ಸುದ್ದಿ ಕಳಿಸಿ ಮುಗಿದ ಮೇಲೆ ವಾರಕ್ಕೆ ಎರಡು ದಿನ ಕಲಿಸಲು ಹೋಗುತ್ತೇವೆ. ನಮ್ಮಲ್ಲಿ ಯಾರೂ ಕ್ರೈಸ್ತರಲ್ಲ.

ಹೋದ ವರ್ಷ ದಸರಾ ಮುಂಚೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಓಡಾಡಿತು. ಟ್ಯೂಷನ್ ನೆವದಲ್ಲಿ ಮಕ್ಕಳನ್ನು ಮತಕ್ಕೆ ಸೇರಿಸುತ್ತಾರೆ ಅಂತ. 27 ಮಕ್ಕಳಿದ್ದರು, ಮೂರೇ ದಿನದಲ್ಲಿ 9 ಆದರು. ಉಳಿದ 9 ಮಕ್ಕಳೂ ಕೇರಿಯವರೇ. ಅವರಿಗೆ ಬೇರೆ ಟ್ಯೂಷನ್ ಇರಲಿಲ್ಲ. ಆಗ ನಾವು ಈ ಭಾಗದಲ್ಲಿ ಸಾಲಿಗಳು ಹೇಗೆ ಬಂದವು, ಪಾದ್ರಿಗಳು ಏನು ಮಾಡಿದರು, ಜನ ಏನು ಮಾಡಿದರು ಅಂತ ಓದಲು ಕುಳಿತೆವು. ಊರವರಿಗೆ ಉತ್ತರ ಕೊಡಬೇಕು ಅಂತ ಹೊರಟಿದ್ದು. ಉತ್ತರ ಕೊಡಬೇಕಾದವರು ನಾವೇ ಅಂತ ಆಮೇಲೆ ಗೊತ್ತಾಯಿತು.

ಮೊದಲು ಪಾದ್ರಿಗಳ ವಿಷಯ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದಿದ್ದು 1820ರಲ್ಲಿ. ಕಿತ್ತೂರಿನಲ್ಲಿ ಥ್ಯಾಕರೆ ಸತ್ತು ಬಿದ್ದ 1824ರ ಅಕ್ಟೋಬರ್ 23ಕ್ಕಿಂತ ನಾಲ್ಕು ವರ್ಷ ಮೊದಲು. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಬಿಳಿಯರ ತೋಪು ಮತ್ತು ಬಿಳಿಯರ ಪುಸ್ತಕ ನಮ್ಮ ನೆಲಕ್ಕೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ನಮ್ಮ ಹಿರಿಯರು ಎರಡನ್ನೂ ಒಂದೇ ಕಣ್ಣಿನಿಂದ ನೋಡಿದ್ದರೆ ಅವರ ತಪ್ಪಲ್ಲ.

ಆಮೇಲೆ ಬಾಸೆಲ್ ಮಿಷನ್. ಇವರು ಸ್ವಿಟ್ಜರ್ಲೆಂಡ್, ಜರ್ಮನಿ ಕಡೆಯವರು. ಬೇರೆ ದೇಶದ ಪಾದ್ರಿಗಳಿಗೂ ಇಲ್ಲಿ ಬರಲು 1833ರ ಕಾಯ್ದೆ ದಾರಿ ತೆರೆಯಿತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹೋದಲ್ಲೆಲ್ಲ ಸಾಲಿ ತೆಗೆದರು. ಇವರು ಬಂದಿದ್ದು ಮತ ಸಾರಲಿಕ್ಕೇ, ಅದನ್ನು ಮುಚ್ಚಿಡಬೇಕಾಗಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದಿತ್ತು. ಜನ ಮಕ್ಕಳನ್ನು ಮಿಷನ್ ಸಾಲಿಯಿಂದ ಬಿಡಿಸಿಕೊಂಡು ಹೋದರು. ಅಂದರೆ ನಮ್ಮೂರಿನ ಅಂಜಿಕೆ ವಾಟ್ಸಾಪಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ 180 ವರ್ಷದ ವಯಸ್ಸಿದೆ.

ಆದರೆ ಇನ್ನೊಂದು ಲೆಕ್ಕವೂ ಇದೆ. ಆಗ ನಮ್ಮ ಭಾಗ ಮುಂಬೈ ಸರಕಾರದ ಕೈಯಲ್ಲಿತ್ತು. ಸರಕಾರಿ ಸಾಲಿಗಳಲ್ಲಿ ಮರಾಠಿಯ ಜೋರು. ಅವನ್ನು ಕನ್ನಡಕ್ಕೆ ತಿರುಗಿಸಲು ಡೆಪ್ಯುಟಿ ಚೆನ್ನಬಸಪ್ಪನವರು ಜೀವ ತೇಯಬೇಕಾಯಿತು. ಅದೇ ಕಾಲಕ್ಕೆ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ ಕನ್ನಡ ಪುಸ್ತಕಗಳು ಅಚ್ಚಾಗುತ್ತಿದ್ದವು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ತೆಗೆದ ಮೊಗ್ಲಿಂಗ್ ಇದೇ ಮಿಷನ್ನಿನವರು. ಪೇಪರಿಗೆ ಸುದ್ದಿ ಬರೆದು ಹೊಟ್ಟೆ ಹೊರೆಯುವ ನಾವು ಅವರನ್ನು ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಕೂಡ ಅವರೇ, ಧಾರವಾಡದಲ್ಲೂ ಇದ್ದವರು. ಇಷ್ಟೆಲ್ಲ ಆದ ಮೇಲೂ 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರೂ ಕ್ರೈಸ್ತರಿಲ್ಲ. ನಮ್ಮ ಜನ ಅಕ್ಷರ ಇಸಿದುಕೊಂಡರು, ಮತವನ್ನು ಬಹುಪಾಲು ಅಲ್ಲೇ ಬಿಟ್ಟು ಬಂದರು.

ನಮ್ಮವರೂ ಸುಮ್ಮನೆ ಕೂರಲಿಲ್ಲ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಹುಟ್ಟಿತು. ಮಠಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ನಾಲ್ಕು ತಾಲ್ಲೂಕಿನ ಎಷ್ಟು ಮನೆಗಳಲ್ಲಿಲ್ಲ?

ನಮ್ಮ ತಾಲ್ಲೂಕಿನ ದೇಶನೂರಿನ ಕಥೆ ಇನ್ನೂ ಬೇರೆ. ಅಲ್ಲಿ ಜೆಸ್ಯೂಟ್ ಪಾದ್ರಿಗಳು ಕಾವಿ ಉಟ್ಟು, ವಿರಕ್ತ ಮಠದ ಹೆಸರಿನಲ್ಲೇ ನೆಲೆ ನಿಂತರು. 2021ರಲ್ಲಿ ಬೆಳಗಾವಿಯ ಬಿಷಪ್ ಡೆರೆಕ್ ಫರ್ನಾಂಡಿಸ್ ಅಲ್ಲಿ ಕಾವಿ ಉಟ್ಟ ಫೋಟೋ ಹರಿದಾಡಿದಾಗ ಬೈದವರಲ್ಲಿ ಕ್ಯಾಥೊಲಿಕರೇ ಇದ್ದರು! ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರಲ್ಲಿ ಕಾನೂನಾಯಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಹೊಸ ಸಂಪುಟ ತೀರ್ಮಾನ ಮಾಡಿತು. ನಮ್ಮ ಸಂಜೆ ಸಾಲಿ ದೇಶನೂರಿನದಲ್ಲ. ಆದರೆ ಆ ಗದ್ದಲದ ಧೂಳು ನಮ್ಮ ಶೆಡ್ಡಿನ ಮೇಲೂ ಬಿತ್ತು.

ಇಷ್ಟು ಓದುವಾಗ ಧಾರವಾಡದ ಆ ಹುಡುಗ ಸಿಕ್ಕ.

1856ರ ಜೂನ್. ಧಾರವಾಡದ ಸರಕಾರಿ ಸಾಲಿ. ಮಹಾರ ಜಾತಿಯ ಒಬ್ಬ ಹುಡುಗ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಮುಂಬೈ ಸರಕಾರಕ್ಕೇ ಅರ್ಜಿ ಕೊಟ್ಟ. ಜುಲೈ 21ರಂದು ಸರಕಾರದ ಠರಾವು ಬಂತು. ನ್ಯಾಯ ನಿನ್ನ ಕಡೆಯೇ ಇದೆ, ಒಪ್ಪುತ್ತೇವೆ. ಆದರೆ ಒಬ್ಬನನ್ನು ಒಳಗೆ ತೆಗೆದುಕೊಂಡರೆ ಉಳಿದವರೆಲ್ಲ ಬಿಟ್ಟು ಹೋಗುತ್ತಾರೆ, ಸಾಲಿಯೇ ಉಪಯೋಗಕ್ಕೆ ಬಾರದಂತಾಗುತ್ತದೆ. ಠರಾವಿನ ಸಾರಾಂಶ ಇಷ್ಟು. ಮರುವರ್ಷ ಕಲ್ಕತ್ತೆಯ ಸರಕಾರ, ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂದಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಸಾಲಿಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದರು. ಕಾಗದ ಬರೆಯಲು ಎರಡು ವರ್ಷ. ಹುಡುಗನ ವಯಸ್ಸು ಕಾಯುತ್ತದೆಯೆ? 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಈ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ.

ಹೀಗೆ ಹೊರಗುಳಿದವರಿಗೆ ಹೊತ್ತು ಮುಳುಗಿದ ಮೇಲಿನ ಸಾಲಿಯೇ ಗತಿ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ವಾರದ ಆರೂ ದಿನ ದುಡಿಯುವ ಮಕ್ಕಳಿಗಾಗಿ ರಾಬರ್ಟ್ ರೈಕ್ಸ್ 1780ರಲ್ಲಿ ಭಾನುವಾರದ ಸಾಲಿ ತೆಗೆದ. ಅವನು ಪತ್ರಿಕೆ ನಡೆಸುತ್ತಿದ್ದವನು, ನಮ್ಮ ಧಂದೆಯವನೇ. ಪುಣೆಯ ಮಿಷನ್ ಸಾಲಿಯಲ್ಲಿ ಕಲಿತ ಜ್ಯೋತಿಬಾ ಫುಲೆ 1855ರಲ್ಲಿ ಕೂಲಿಕಾರರಿಗೆ, ಒಕ್ಕಲಿಗರಿಗೆ ರಾತ್ರಿ ಸಾಲಿ ನಡೆಸಿದರು. ಧಾರವಾಡದ ಹುಡುಗ ಅರ್ಜಿ ಕೊಟ್ಟಿದ್ದು ಅದರ ಮರುವರ್ಷ. ಹಗಲು ತಮ್ಮದಲ್ಲದ ಮಕ್ಕಳು ಈಗಲೂ ಇದ್ದಾರೆ. ರಾಮದುರ್ಗದ ಕಡೆ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವವರು, ಅವ್ವನ ಸಂಗಡ ಹತ್ತಿ ಬಿಡಿಸಲು ಹೋಗುವವರು, ಕಬ್ಬಿನ ಗ್ಯಾಂಗಿನ ಹಿಂದೆ ನಾಲ್ಕು ತಿಂಗಳು ಊರು ಬಿಡುವವರು. ಹಾಜರಿ ಪುಸ್ತಕದಲ್ಲಿ 7ನೇ ಇಯತ್ತೆ, ಓದಲು ಕೊಟ್ಟರೆ ‘ಕ್ಷೇತ್ರ’ದಲ್ಲಿ ನಿಲ್ಲುತ್ತಾರೆ.

ಮತ್ತೆ ನಮ್ಮ ಶೆಡ್ಡಿಗೆ ಬರೋಣ. 18 ಮಕ್ಕಳು ಬಿಟ್ಟು ಹೋದ ಮೇಲೆ ನಾವು ಮನೆಮನೆಗೆ ಹೋದೆವು. ಒಬ್ಬ ಅಜ್ಜಿ ನೇರವಾಗಿ ಹೇಳಿದಳು: “ನಿಮ್ಮ ದೇವ್ರು ನಿಮಗ ಇರ್ಲಿ. ಹುಡುಗಗ ಒತ್ತಕ್ಷರ ಕಲಸ್ರಿ, ಸಾಕು.” ಅದರಲ್ಲಿ ನ್ಯಾಯ ಇತ್ತು. ಟ್ಯೂಷನ್ ಶುರುವಾಗುತ್ತಿದ್ದುದೇ ಪ್ರಾರ್ಥನೆಯಿಂದ. ಮಕ್ಕಳು ಎದ್ದು ಕೈ ಮುಗಿಯುತ್ತಿದ್ದರು, ಬೇಡ ಎನ್ನುವಷ್ಟು ದೊಡ್ಡವರಲ್ಲ. ನಾವೂ ತಿಂಗಳುಗಟ್ಟಲೆ ಅದನ್ನು ನೋಡುತ್ತ ನಿಂತಿದ್ದೆವು. ಫಾದರ್ ಜೊತೆ ಕುಳಿತು ಮಾತಾಡಿದೆವು. ಪ್ರಾರ್ಥನೆ 7.30ರ ನಂತರ, ಬೇಕಾದವರಿಗೆ ಮಾತ್ರ ಅಂತಾಯಿತು. ಚರ್ಚಿನ ಕೆಲವು ಹಿರಿಯರಿಗೆ ಇದು ಸೇರಲಿಲ್ಲ. ‘ಜಾಗ ನಮ್ಮದು, ಕರೆಂಟ್ ಬಿಲ್ ನಮ್ಮದು’ ಎಂದರು. ಅದೂ ಖರೆ. ಆದರೂ ಫಾದರ್ ಮಾತು ಬದಲಿಸಲಿಲ್ಲ.

ಸುದ್ದಿ ತಿಳಿದು ಒಬ್ಬೊಬ್ಬರಾಗಿ 13 ಮಕ್ಕಳು ತಿರುಗಿ ಬಂದರು. ಒಂದು ಸಂಜೆ ಒಬ್ಬ ತಂದೆ ನಮ್ಮನ್ನು ಬೇವಿನ ಗಿಡದ ಕೆಳಗೆ ಕರೆದು ಮೆಲ್ಲಗೆ ಹೇಳಿದರು: “ಸರ, ಕಲಸ್ರಿ. ಆದ್ರ ನಮ್ಮ ಹುಡುಗನ್ನ ಆ ಕಡೆ ಬ್ಯಾರೆ ಕುಂದರಸ್ರಿ.” ಯಾರಿಂದ ಬೇರೆ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಶೆಡ್ಡಿನಲ್ಲಿ ನಾಲ್ಕು ಬೆಂಚು, ಒಂದು ಜಮಖಾನೆ. ತಿರುಗಿ ಬಂದವರು ಬೆಂಚಿನ ಮೇಲೆ ಕುಳಿತರು. ಎಂದೂ ಬಿಟ್ಟು ಹೋಗದ ಕೇರಿಯ 9 ಮಕ್ಕಳು ಜಮಖಾನೆ ಮೇಲೆ. ಯಾರೂ ಹೇಳಿ ಕೂರಿಸಿದ್ದಲ್ಲ, ಬೇಡ ಅಂದದ್ದೂ ಇಲ್ಲ. ಗದ್ದಲ ಮಾಡಿದರೆ ಮತ್ತೆ ಖಾಲಿಯಾಗುತ್ತದೆ, ಮಕ್ಕಳು ಬರುತ್ತಿದ್ದಾರಲ್ಲ, ಇಷ್ಟೇ ಸಾಕು ಅಂದುಕೊಂಡೆವು. ಎರಡು ವಾರ ಹೀಗೇ ನಡೆಯಿತು.

1856ರ ಠರಾವು ನಾವು ಓದಿದ್ದು ಆ ಎರಡು ವಾರದ ನಡುವೆ. ಮೂವರಲ್ಲಿ ಒಬ್ಬ ಓದಿ, ಮೊಬೈಲ್ ಕೆಳಗಿಟ್ಟು, ‘ಇದು ನಾವೇ ಬರೆದಂಗ ಐತಲ್ಲೋ’ ಅಂದ. ನ್ಯಾಯ ನಿಮ್ಮ ಕಡೆ, ಆದರೆ ಸಾಲಿ ಉಳಿಯಬೇಕು. ಮುಂಬೈಯ ಸಾಹೇಬರಿಗೆ ಅದನ್ನು ಬರೆಯಲು ಒಂದು ಕಾಗದವಾದರೂ ಬೇಕಾಯಿತು. ನಾವು ಬಾಯಿ ಮುಚ್ಚಿಕೊಂಡೇ ಜಾರಿಗೆ ತಂದಿದ್ದೆವು.

ಮರುವಾರ ನಾಲ್ಕೂ ಬೆಂಚುಗಳನ್ನು ಎತ್ತಿ ಚರ್ಚಿನ ಪಡಸಾಲೆಗೆ ಹಾಕಿದೆವು. ಪಟ್ಟಣದಿಂದ ಇನ್ನೊಂದು ಜಮಖಾನೆ ತಂದು ಮೊದಲಿನದಕ್ಕೆ ಜೋಡಿಸಿ ಹಾಸಿದೆವು. ಇಬ್ಬಿಬ್ಬರಿಗೆ ಒಂದೇ ಪುಸ್ತಕ, ಜೋಡಿ ಮಾಡುವವರು ನಾವು, ಪ್ರತಿ ವಾರ ಜೋಡಿ ಬದಲು. ಬೇವಿನ ಗಿಡದ ಕೆಳಗೆ ಮಾತಾಡಿದ ತಂದೆಗೆ ಮುಂಚಿತವಾಗಿಯೇ ತಿಳಿಸಿದೆವು. ಅವರು ಸಿಟ್ಟಾಗಲಿಲ್ಲ, ‘ಆತ್ರಿ’ ಅಂದರು. ಮರುದಿನದಿಂದ ಅವರ ಹುಡುಗ ಬರಲಿಲ್ಲ. ಅವನ ಹಿಂದೆ ಇನ್ನೂ ಮೂವರು ಬಿಟ್ಟರು. 22 ಇದ್ದದ್ದು 18 ಆಯಿತು.

ಶೆಡ್ಡೇನೂ ಮುಚ್ಚಲಿಲ್ಲ. ಜನವರಿಯಲ್ಲಿ, ಪರೀಕ್ಷೆ ಹತ್ತಿರ ಬಂದಾಗ, ಆ ಹುಡುಗ ತಾನೇ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಅಪ್ಪ ಕಳಿಸಿದರೋ, ತಾನೇ ಬಂದನೋ, ನಾವು ಕೇಳಲಿಲ್ಲ. ಆ ದಿನ ಜೋಡಿ ಇಲ್ಲದೆ ಒಬ್ಬಳೇ ಕುಳಿತಿದ್ದ 8ನೇ ಇಯತ್ತೆಯ ಹುಡುಗಿ ಪುಸ್ತಕವನ್ನು ನಡುವಿಗೆ ಸರಿಸಿ, “ಇಪ್ಪತ್ತನೇ ಪುಟ, ಅಪೂರ್ಣಾಂಕದ ಭಾಗಾಕಾರ” ಅಂದಳು.