ಪೋಸಿ ಗಾಯ (2011)

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಕ್ಯಾಚರ್ ಬಸ್ಟರ್ ಪೋಸಿಗೆ 2011ರ ಮೇ 25ರಂದು ತವರು ಮೈದಾನದಲ್ಲಿ ಆದ ಗಾಯ. ಫ್ಲೋರಿಡಾ ಮಾರ್ಲಿನ್ಸ್‌ನ ಸ್ಕಾಟ್ ಕಸಿನ್ಸ್ 12ನೇ ಇನ್ನಿಂಗ್ಸ್‌ನಲ್ಲಿ ರನ್ನಿಗಾಗಿ ಓಡಿಬಂದು ಡಿಕ್ಕಿ ಹೊಡೆದಾಗ ಪೋಸಿಯ ಕಾಲಿನ ಮೂಳೆ ಮುರಿದು, ಕಣಕಾಲಿನ ಅಸ್ಥಿರಜ್ಜುಗಳು ಹರಿದವು. ಆ ಋತು ಅವರ ಪಾಲಿಗೆ ಅಲ್ಲಿಗೇ ಮುಗಿಯಿತು. ಕ್ಯಾಚರ್ ನಮ್ಮ ವಿಕೆಟ್‌ಕೀಪರ್‌ನಂತೆ ಕಂಡರೂ ಪ್ರತಿ ಎಸೆತಕ್ಕೂ ಪಿಚರ್‌ಗೆ ಸನ್ನೆ ಮಾಡುವವನು. ಹಾಗಾಗಿ ಪೆಟ್ಟು ಮೊದಲು ಪಿಚಿಂಗಿಗೇ ಬೀಳಬೇಕಿತ್ತು ಅನ್ನಿಸುತ್ತದೆ. ಬಿದ್ದದ್ದು ಬ್ಯಾಟಿಂಗಿಗೆ. 2010ರಲ್ಲಿ 697 ರನ್ ಗಳಿಸಿ ವಿಶ್ವ ಸರಣಿ ಗೆದ್ದಿದ್ದ ತಂಡ 2011ರಲ್ಲಿ ಗಳಿಸಿದ್ದು 570, ನ್ಯಾಷನಲ್ ಲೀಗ್‌ನಲ್ಲೇ ಕನಿಷ್ಠ. ಬಿಟ್ಟುಕೊಟ್ಟದ್ದು 578 ಮಾತ್ರ. ಬದಲಿ ಕ್ಯಾಚರ್‌ಗಳಾದ ಎಲೈ ವೈಟ್‌ಸೈಡ್, ಕ್ರಿಸ್ ಸ್ಟೂವರ್ಟ್ ಚೆಂಡು ಹಿಡಿಯಬಲ್ಲವರಾಗಿದ್ದರು, ಬಾರಿಸಬಲ್ಲವರಲ್ಲ. 86 ಪಂದ್ಯ ಗೆದ್ದರೂ ತಂಡ ಪ್ಲೇಆಫ್ ತಲುಪಲಿಲ್ಲ.

ಒಬ್ಬನ ಮೇಲೆ ಇಷ್ಟು ಹೊರೆ ಹೊರಿಸುವುದು ಸರಿಯೇ ಎಂಬ ಆಕ್ಷೇಪಕ್ಕೆ ಆಧಾರವಿದೆ: ಫ್ರೆಡ್ಡಿ ಸ್ಯಾಂಚೆಜ್ ಕೂಡ ಗಾಯಗೊಂಡಿದ್ದರು, ಆಬ್ರಿ ಹಫ್ ಲಯ ಕಳೆದುಕೊಂಡಿದ್ದರು. ಆದರೆ 2012ರಲ್ಲಿ ಪೋಸಿ .336 ಸರಾಸರಿಯೊಂದಿಗೆ ಲೀಗಿನ ಶ್ರೇಷ್ಠ ಆಟಗಾರನೆನಿಸಿದಾಗ ತಂಡದ ರನ್ 718ಕ್ಕೇರಿ, ವಿಶ್ವ ಸರಣಿಯೂ ಮರಳಿ ಬಂತು. ಅದೇ ವರ್ಷ ಪಂದ್ಯ ಮುಗಿಸುವ ಪಿಚರ್ ಬ್ರಯನ್ ವಿಲ್ಸನ್ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ ಹೊರಗುಳಿದರೂ ಸರ್ಜಿಯೊ ರೋಮೊ ಆ ಜಾಗ ತುಂಬಿದರು. ಗಾಯದ ಬೆಲೆ ಆಟಗಾರನ ಹೆಸರಿಗಿಂತ ಆ ಸ್ಥಾನಕ್ಕಿರುವ ಬದಲಿಯ ಮೇಲೆ ನಿಂತಿರುತ್ತದೆ. ಬಾರಿಸಬಲ್ಲ ಕ್ಯಾಚರ್‌ಗಳೋ ಅಪರೂಪ. ಇಂಥ ಡಿಕ್ಕಿಗಳನ್ನು ನಿರ್ಬಂಧಿಸುವ ನಿಯಮ 2014ರಲ್ಲಿ ಜಾರಿಗೆ ಬಂತು.