ಹೇತ್ವಾಭಾಸ: ಅಧ್ಯಯನದ ಇತಿಹಾಸ

ಅನುಮಾನದಲ್ಲಿ ಸರಿಯಾದ ಕಾರಣದಂತೆ ತೋರಿಯೂ, ಸಾಧಿಸಬೇಕಾದುದನ್ನು ಸಾಧಿಸಲಾರದ ಹೇತುವನ್ನು ಭಾರತೀಯ ತರ್ಕಶಾಸ್ತ್ರದಲ್ಲಿ ಹೇತ್ವಾಭಾಸ ಎನ್ನುತ್ತಾರೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಈಗಿನ ರೂಪ ತಳೆದ, ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರಗಳು ಇಂಥ ಐದು ದೋಷಗಳನ್ನು ಹೇಳುತ್ತವೆ. ಮಾತಿನ ಅರ್ಥವನ್ನು ತಿರುಚುವ ಛಲವನ್ನೂ ಪೊಳ್ಳು ಆಕ್ಷೇಪಗಳಾದ 24 ಜಾತಿಗಳನ್ನೂ ಅವು ಬೇರೆಯಾಗಿಯೇ ಎಣಿಸಿರುವುದರಿಂದ, ಕೇವಲ ವಾದದ ಕುತಂತ್ರಕ್ಕೂ ಕಾರಣದಲ್ಲೇ ಇರುವ ದೋಷಕ್ಕೂ ನಡುವಿನ ಅಂತರ ಮೊದಲಿನಿಂದಲೂ ಗುರುತಾಗಿತ್ತು.

ಈ ವಿಷಯಕ್ಕೆ ಬಿಗಿಯಾದ ಚೌಕಟ್ಟು ದೊರೆತದ್ದು ಬೌದ್ಧ ತಾರ್ಕಿಕ ದಿಙ್ನಾಗನಿಂದ. ಹೇತುವು ಪಕ್ಷದಲ್ಲಿ, ಅಂದರೆ ಚರ್ಚೆಗೆ ಒಳಗಾದ ವಸ್ತುವಿನಲ್ಲಿ ಇರಬೇಕು. ಸಾಧ್ಯ, ಅಂದರೆ ಸಾಧಿಸಬೇಕಾದುದು, ಇರುವುದು ಖಚಿತವಾದ ಸಪಕ್ಷದಲ್ಲಿ ಇರಬೇಕು. ಸಾಧ್ಯವಿಲ್ಲದ ವಿಪಕ್ಷದಲ್ಲಿ ಇರಕೂಡದು ಎಂಬ ಮೂರು ನಿಯಮಗಳ ಆಧಾರದ ಮೇಲೆ ಅವನು ಒಂಬತ್ತು ಸಂಭವಗಳ ಹೇತುಚಕ್ರವನ್ನು ರಚಿಸಿ, ಅವುಗಳಲ್ಲಿ ಎರಡು ಮಾತ್ರ ನಿರ್ದುಷ್ಟವೆಂದು ತೋರಿಸಿದನು. ನ್ಯಾಯಪಂಥದ ನೈಯಾಯಿಕರು ಈ ಮೂರಕ್ಕೆ ಎರಡು ನಿಯಮಗಳನ್ನು ಕೂಡಿಸಿ, ಸದ್ಧೇತುವಿನ, ಅಂದರೆ ನಿರ್ದುಷ್ಟ ಹೇತುವಿನ, ಐದು ಲಕ್ಷಣಗಳಿಗೆ ಐದು ದೋಷಗಳನ್ನು ಎದುರುಬದುರಾಗಿ ನಿಲ್ಲಿಸಿದರು. ಮುಂದೆ ಮಿಥಿಲೆಯ ಗಂಗೇಶನ ತತ್ತ್ವಚಿಂತಾಮಣಿಯಿಂದ ಆರಂಭವಾದ ನವ್ಯನ್ಯಾಯವು ಈ ಲಕ್ಷಣಗಳನ್ನು ಎಷ್ಟು ಸೂಕ್ಷ್ಮಗೊಳಿಸಿತೆಂದರೆ, ಹೊಸ ವಿದ್ಯಾರ್ಥಿಗೆ ಅದರೊಳಗೆ ನೇರವಾಗಿ ಪ್ರವೇಶವೇ ಇಲ್ಲವಾಯಿತು.

ಆ ಕೊರತೆಯನ್ನು ನೀಗಿದ್ದು ಸುಮಾರು 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ. ಬಾಲಕರಿಗಾಗಿಯೇ ಬರೆದ ಈ ಕಿರುಗ್ರಂಥದಲ್ಲಿ ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ ಎಂಬ ಐದಕ್ಕೂ ಒಂದೊಂದು ಸಾಲಿನ ಉದಾಹರಣೆಗಳಿವೆ. ಆಕಾಶದ ತಾವರೆ ಸುಗಂಧವುಳ್ಳದ್ದು, ಏಕೆಂದರೆ ಅದು ತಾವರೆ ಎಂಬಲ್ಲಿ ಹೇತುವಿಗೆ ಆಶ್ರಯವೇ ಇಲ್ಲ; ಬೆಂಕಿ ಬಿಸಿಯಲ್ಲ, ಏಕೆಂದರೆ ಅದು ದ್ರವ್ಯ ಎಂಬ ವಾದವನ್ನು ಸ್ಪರ್ಶವೇ ಬಾಧಿಸುತ್ತದೆ. ಬೋಧನೆಯ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು ಹೊಗೆ ಮತ್ತು ಬೆಂಕಿಯ ಉದಾಹರಣೆ. ಹೊಗೆಯಿಂದ ಬೆಟ್ಟದ ಬೆಂಕಿಯನ್ನು ಊಹಿಸುವುದು ಸರಿ. ಬೆಂಕಿಯಿಂದ ಹೊಗೆಯನ್ನು ಊಹಿಸುವುದು ತಪ್ಪು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆ ಏಳಲು ಹಸಿ ಸೌದೆಯ ಸಂಬಂಧ ಬೇಕು. ಹೀಗೆ ಹೇತುವಿನ ಮರೆಯಲ್ಲಿ ನಿಂತು ಕೆಲಸ ಮಾಡುವ ಷರತ್ತಿಗೆ ಉಪಾಧಿ ಎಂದು ಹೆಸರು. ಅದನ್ನು ಪತ್ತೆಹಚ್ಚುವುದೇ ಈ ಶಿಕ್ಷಣದ ನಿಜವಾದ ಫಲ. ಹೆಸರುಗಳನ್ನು ಬಾಯಿಪಾಠ ಮಾಡಿಸಿ ಅಲ್ಲಿಗೇ ನಿಲ್ಲಿಸುವ ಪಾಠದಲ್ಲಿ ಮೊದಲು ಕಳೆದುಹೋಗುವುದೂ ಅದೇ.

ಕರ್ನಾಟಕದಲ್ಲಿ ಈ ಅಧ್ಯಯನ ಮಾಧ್ವ ಪರಂಪರೆಯಲ್ಲಿ ವಿಮರ್ಶೆಯ ರೂಪ ತಾಳಿತು. ವಿಜಯನಗರದ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಗಂಗೇಶನ ಸಿದ್ಧಾಂತಗಳನ್ನು ಅವನ ಪರಿಭಾಷೆಯಲ್ಲೇ ಪರೀಕ್ಷಿಸಿದರು. ಇಂದು ರಾಜ್ಯದ ಪದವಿಪೂರ್ವ ತರಗತಿಗಳಲ್ಲಿ ತರ್ಕಶಾಸ್ತ್ರವು ಐಚ್ಛಿಕ ವಿಷಯವಾಗಿದೆ. ಸಂಸ್ಕೃತ ಪಾಠಶಾಲೆಗಳಲ್ಲಿ ನ್ಯಾಯದ ವಿದ್ಯಾರ್ಥಿಗೆ ಮೊದಲು ಹಿಡಿಸುವ ಪುಸ್ತಕ ಇಂದಿಗೂ ತರ್ಕಸಂಗ್ರಹವೇ.